ಚಪಡನ ಸಹಿ ಮತ್ತು ಮೊಳಕಾಲ್ಮುರು ಸೀರೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲಿರುವ ಅಶೋಕನ ಕಿರುಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಅಂದಿನಿಂದ ಈ ಶಾಸನಗಳ ಕುರಿತು ನಡೆದ ಚರ್ಚೆಯ ಬಹುಪಾಲು ಅರಸನನ್ನು, ಅವನ ಧರ್ಮವನ್ನು, ಅವನ ರಾಜ್ಯದ ತೆಂಕಣ ಗಡಿಯನ್ನು ಕುರಿತದ್ದು. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮಸಮಾಚಾರ ಕೇಳಿ ಕಳುಹಿಸಿದ ಆಜ್ಞೆ ಇದು. ಇಸಿಲವೆಂಬ ಹೆಸರು ಯಾವ ನೆಲೆಯದು, ಸುವರ್ಣಗಿರಿ ಎಲ್ಲಿತ್ತು ಎಂಬ ಪ್ರಶ್ನೆಗಳಿಗೆ ಎಷ್ಟು ಪುಟಗಳು ಸಂದಿವೆಯೋ, ಶಾಸನದ ಕಟ್ಟಕಡೆಯಲ್ಲಿ ಬರುವ ಒಂದು ಹೆಸರಿಗೆ ಅದರ ಹತ್ತರಲ್ಲೊಂದು ಪಾಲೂ ಸಂದಿಲ್ಲ. ಆ ಹೆಸರು ಚಪಡ. ಬರೆದವನು ತಾನೆಂದು ಅವನು ಮೂರೂ ಕಡೆ ಹೇಳಿಕೊಂಡಿದ್ದಾನೆ. ಇಡೀ ಶಾಸನವನ್ನು ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯನ್ನು ಸೂಚಿಸುವ ‘ಲಿಪಿಕರೇಣ’ ಎಂಬ ಒಂದೇ ಒಂದು ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಹರಿಯುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ವಾಯವ್ಯ ಭಾರತದ ಆ ಲಿಪಿಯನ್ನು ಓದಬಲ್ಲವರು ಅಂದಿನ ಇಸಿಲದಲ್ಲಿ ಬೆರಳೆಣಿಕೆಯಷ್ಟು ಮಂದಿಯೂ ಇದ್ದಿರಲಾರರು. ಆದರೂ ಬರೆದ. ತನ್ನ ಕಸುಬಿನ ಹೆಸರನ್ನು ತಾನು ಕಲಿತ ಅಕ್ಷರದಲ್ಲೇ ಬರೆಯುವ ಹಮ್ಮು ಅದು.

ಇಲ್ಲಿ ಇನ್ನೊಂದು ಸಂಗತಿಯೂ ಇದೆ. ಈ ಮೂರು ಶಾಸನಗಳಲ್ಲಿ ಅರಸನ ಹೆಸರಿಲ್ಲ. ‘ದೇವಾನಂಪ್ರಿಯ’ ಎಂಬ ಬಿರುದು ಮಾತ್ರ ಇದೆ. ಆ ಬಿರುದಿನ ಹಿಂದಿರುವವನು ಅಶೋಕನೇ ಎಂಬುದಕ್ಕೆ ಶಾಸನದ ನೇರ ಆಧಾರ ದೊರೆತದ್ದು 1915ರಲ್ಲಿ ಮಸ್ಕಿಯ ಬಂಡೆ ಪತ್ತೆಯಾದಾಗ. ಅಂದರೆ ಇಪ್ಪತ್ತಮೂರು ವರ್ಷಗಳ ಕಾಲ ಮೊಳಕಾಲ್ಮುರಿನ ಬಂಡೆಗಳಲ್ಲಿ ದುಡಿದವನ ಹೆಸರು ಸ್ಪಷ್ಟವಾಗಿತ್ತು, ದುಡಿಸಿಕೊಂಡವನದು ಊಹೆಯಲ್ಲಿತ್ತು.

ಈಗ ಅದೇ ತಾಲ್ಲೂಕಿನ ಕೇಂದ್ರದಲ್ಲಿ ನೇಯಲಾಗುವ ರೇಷ್ಮೆ ಸೀರೆಯೊಂದನ್ನು ಕೈಗೆತ್ತಿಕೊಂಡು ನೋಡಬೇಕು. ಅದರ ಮೇಲೆ ಅಂಗಡಿಯ ಚೀಟಿ ಇರುತ್ತದೆ. ರೇಷ್ಮೆ ಶುದ್ಧವೆಂದು ಸಾರುವ ಮುದ್ರೆ ಇರಬಹುದು. ಕೈಮಗ್ಗದ ಮುದ್ರೆಯೂ ಇರಬಹುದು. ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಇಷ್ಟೆಲ್ಲ ಇದ್ದು, ವಾರಗಟ್ಟಲೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಅದನ್ನು ನೇಯ್ದವರು ಯಾರೆಂಬುದು ಸೀರೆಯ ಯಾವ ಮೂಲೆಯಲ್ಲೂ ಕಾಣುವುದಿಲ್ಲ. ಕೆಲಸದ ಗುಣಮಟ್ಟ ಹಿಂದಿನಂತಿಲ್ಲ ಎಂಬ ಕೊರಗು ಎಲ್ಲ ಕಾಲದಲ್ಲೂ ಎಲ್ಲ ವೃತ್ತಿಗಳ ಕುರಿತೂ ಕೇಳಿಬರುವಂಥದು. ಅದನ್ನು ಅಷ್ಟಾಗಿ ನಂಬಬೇಕಿಲ್ಲ. ನಿಜವಾಗಿ ಬದಲಾದದ್ದು ಬೇರೆ. ‘ಇದು ಚೆನ್ನಾಗಿದೆ’, ‘ಇದು ಕೆಟ್ಟಿದೆ’ ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿತ್ತು, ಅದು ಹೇಗೆ ಕೈಬದಲಾಯಿಸಿತು ಎಂಬುದನ್ನು ಗಮನಿಸಿದರೆ ಗುಣಮಟ್ಟದ ಇತಿಹಾಸ ಬೇರೆಯದೇ ಆಗಿ ಕಾಣುತ್ತದೆ.

ಅಶೋಕನ ಶಾಸನಗಳೇ ಈ ವಿಚಾರದಲ್ಲಿ ಮೊದಲ ಸಾಕ್ಷಿ. ಹದಿನಾಲ್ಕನೆಯ ಬಂಡೆಶಾಸನದಲ್ಲಿ ಅರಸನು ತನ್ನ ಬರಹಗಳು ಕೆಲವೆಡೆ ಅಪೂರ್ಣವಾಗಿರುವುದಕ್ಕೆ ಕಾರಣಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು ಲಿಪಿಕರನ ಅಪರಾಧ. ಈ ಶಾಸನದ ಪಾಠ ಕರ್ನಾಟಕದ ಸನ್ನತಿಯಲ್ಲೂ ದೊರೆತಿದೆ. ಸಾಮ್ರಾಟನೊಬ್ಬ ತನ್ನ ಕಚೇರಿಯ ಕೆಲಸದಲ್ಲಿ ದೋಷವಿರಬಹುದೆಂದು ಕಲ್ಲಿನ ಮೇಲೆಯೇ ಒಪ್ಪಿಕೊಳ್ಳುವುದು ದೊಡ್ಡತನವೆಂದು ತೋರುತ್ತದೆ. ಆದರೆ ತಪ್ಪಿನ ಹೊರೆಯನ್ನು ಎಲ್ಲಿ ಇಳಿಸಿದ್ದಾನೆ ಎಂಬುದನ್ನೂ ನೋಡಬೇಕಲ್ಲವೆ? ಕಳುಹಿಸಿದ ಮಹಾಮಾತ್ರರ ಮೇಲಲ್ಲ, ಬರೆದ ಕೈಯ ಮೇಲೆ. ಮೊಳಕಾಲ್ಮುರಿಗೆ ಬಹಳ ದೂರವಿಲ್ಲದ ಕರ್ನೂಲು ಸೀಮೆಯ ಎರ್ರಗುಡಿಯ ಕಿರುಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಓಡುತ್ತವೆ. ಅಲ್ಲಿ ಬರೆದವನು ಸಹಿ ಹಾಕಿಲ್ಲ. ಚಪಡನು ಹಾಕಿದ್ದಾನೆ. ಹೆಸರು ಹಾಕುವುದು ಹೆಮ್ಮೆಯೂ ಹೌದು, ಹೊಣೆಯೂ ಹೌದು. ‘ಲಿಪಿಕರಾಪರಾಧ’ವೆಂಬ ಮಾತು ಚಾಲ್ತಿಯಲ್ಲಿದ್ದ ಆಡಳಿತದಲ್ಲಿ ಹೆಸರು ಬರೆದಿಡುವುದೆಂದರೆ ದಂಡಕ್ಕೆ ತಲೆಯೊಡ್ಡುವುದೂ ಆಗಿದ್ದಿರಬಹುದು.

ಮುಂದಿನ ಸಾವಿರ ವರ್ಷಗಳಲ್ಲಿ ಈ ರೂಢಿ ಕನ್ನಡ ನಾಡಿನಲ್ಲಿ ಬೆಳೆದು ಗಟ್ಟಿಯಾಯಿತು. ಶಾಸನಗಳ ಕೊನೆಯಲ್ಲಿ ಬರೆದವನ ಹೆಸರೂ ಕಂಡರಿಸಿದವನ ಹೆಸರೂ ಬೇರೆಬೇರೆಯಾಗಿ ಬರತೊಡಗಿದವು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಕಟ್ಟಿದ ಗುಂಡನಿಗೆ ಅನಿವಾರಿತಾಚಾರಿ ಎಂಬ ಹೆಸರು ಸಂದಿತು. ಶ್ರವಣಬೆಳಗೊಳದಲ್ಲಿ ‘ಬಿರುದರೂವಾರಿ ಮುಖತಿಲಕ’ನೆನಿಸಿಕೊಂಡ ಗಂಗಾಚಾರಿ ಇದ್ದಾನೆ, ಬೇಲೂರಿನ ಮದನಿಕೆಗಳ ಕೆಳಗೆ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇದ್ದಾರೆ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಲಕ್ಷ್ಮೇಶ್ವರದ ಎಂಟನೆಯ ಶತಮಾನದ ಶಾಸನವೊಂದು ಪುಲಿಗೆರೆಯ ಕಂಚುಗಾರರ ಶ್ರೇಣಿಯನ್ನು ಹೆಸರಿಸುತ್ತದೆ. ಅಲ್ಲಿ ಊರಿನ ತೆರಿಗೆಯ ವ್ಯವಹಾರದಲ್ಲಿ ಕುಶಲಕರ್ಮಿಗಳ ಸಂಘಕ್ಕೇ ಪಾತ್ರವಿತ್ತು. ಕಂಚಿನ ಕೆಲಸ ಸರಿಯೋ ತಪ್ಪೋ ಎಂಬ ತೀರ್ಮಾನವನ್ನು ಕಂಚುಗಾರನಲ್ಲದವನು ಹೇಳುವುದು ಅಂಥ ಊರಿನಲ್ಲಿ ಸುಲಭವಿರಲಿಲ್ಲ.

ಪಂಪನ ಆದಿಪುರಾಣವನ್ನು ಓದಿದವರಿಗೆ ಕಲ್ಪವೃಕ್ಷಗಳು ಬತ್ತಿದ ಕಾಲದ ನೆನಪಾದೀತು. ಕಂಗೆಟ್ಟ ಪ್ರಜೆಗೆ ಆದಿದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಕಲಿಸಿದನೆಂಬುದು ಜೈನ ಪುರಾಣ ಪರಂಪರೆಯ ನಿಲುವು. ಇಲ್ಲಿ ದುಡಿಮೆಯು ಶಾಪವಲ್ಲ, ಕಲಿಸಿಕೊಟ್ಟ ವಿದ್ಯೆ. ಮಸಿಯೂ ಶಿಲ್ಪವೂ, ಎಂದರೆ ಲಿಪಿಕರನ ಕೆಲಸವೂ ನೇಯುವವನ ಕೆಲಸವೂ, ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಹನ್ನೆರಡನೆಯ ಶತಮಾನದ ಶರಣರು ಕಾಯಕವೆಂಬ ಮಾತಿಗೆ ಕೊಟ್ಟ ತೂಕ ಇನ್ನೊಂದು ಬಗೆಯದು. ಆ ಪರಂಪರೆ ಆದ್ಯರಲ್ಲಿ ಎಣಿಸುವ ಜೇಡರ ದಾಸಿಮಯ್ಯ ನೇಕಾರನೇ ಆಗಿದ್ದನು.

ಇಷ್ಟನ್ನು ಹೇಳಿ ಇಲ್ಲಿಗೇ ನಿಲ್ಲಿಸಿದರೆ ಗತಕಾಲವು ಸ್ವರ್ಗವಾಗಿಬಿಡುತ್ತದೆ. ಆನಂದ ಕುಮಾರಸ್ವಾಮಿಯವರು 1909ರಲ್ಲಿ ಪ್ರಕಟಿಸಿದ ಭಾರತೀಯ ಕುಶಲಕರ್ಮಿಯನ್ನು ಕುರಿತ ಪುಸ್ತಕ ಆ ಸ್ವರ್ಗದ ಅತ್ಯಂತ ಸುಂದರವಾದ ವರ್ಣನೆ. ಶ್ರೇಣಿಯ ರಕ್ಷಣೆಯಲ್ಲಿ, ಧರ್ಮದ ಆಶ್ರಯದಲ್ಲಿ ನೆಮ್ಮದಿಯಿಂದ ದುಡಿಯುವ ಕುಶಲಕರ್ಮಿಯ ಚಿತ್ರ ಅಲ್ಲಿದೆ. ಅದೇ 1909ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವರು ಕಡಿಮೆ. ಓದಿದರೆ ಕುಮಾರಸ್ವಾಮಿಯವರ ನೆಮ್ಮದಿಯ ಚಿತ್ರಕ್ಕೆ ಬಿರುಕು ಬೀಳುತ್ತದೆ.

ಅರ್ಥಶಾಸ್ತ್ರದ ಸೂತ್ರಾಧ್ಯಕ್ಷನು ನೂಲಿನ ಮೇಲೆ ಆಳುವ ಅಧಿಕಾರಿ. ನೂಲು ನಯವೋ, ಒರಟೋ, ನಡುವಣದೋ ಎಂದು ಪರೀಕ್ಷಿಸಿ ಅವನು ಕೂಲಿ ಗೊತ್ತುಮಾಡಬೇಕು. ಮನೆಯಿಂದ ಹೊರಬರಬಲ್ಲ ಹೆಂಗಸರು ಬೆಳಗಿನ ಜಾವದಲ್ಲಿ ನೂಲು ತಂದೊಪ್ಪಿಸಿದಾಗ ದೀಪವನ್ನು ನೂಲು ನೋಡುವುದಕ್ಕಷ್ಟೇ ಬಳಸಬೇಕು; ಹೆಂಗಸಿನ ಮುಖ ನೋಡಿದರೆ, ಬೇರೆ ಮಾತಾಡಿದರೆ ಅಧಿಕಾರಿಗೇ ದಂಡ. ಕೂಲಿ ಕೊಡಲು ತಡಮಾಡಿದರೂ ದಂಡ. ಇಲ್ಲಿಯವರೆಗೆ ಓದಿದವರು ಮೆಚ್ಚಿಕೊಳ್ಳುತ್ತಾರೆ. ಆದರೆ ಕೂಲಿ ಪಡೆದು ಕೆಲಸ ಮಾಡದ ಹೆಂಗಸಿಗೆ ಅದೇ ಪ್ರಕರಣ ವಿಧಿಸುವುದು ಬೆರಳಿನ ಶಿಕ್ಷೆಯನ್ನು. ‘ಕಾರುಕರಕ್ಷಣ’ವೆಂಬ ಇನ್ನೊಂದು ಪ್ರಕರಣದ ಹೆಸರನ್ನು ಕೇಳಿದರೆ ಕುಶಲಕರ್ಮಿಗಳನ್ನು ಕಾಪಾಡುವ ಮಾತೆನಿಸುತ್ತದೆ, ಒಳಗಿರುವುದು ಅವರಿಂದ ಜನರನ್ನು ಕಾಪಾಡುವ ವಿಧಿ. ಹತ್ತು ಪಲ ನೂಲು ಪಡೆದ ನೇಕಾರ ಹನ್ನೊಂದು ಪಲದ ಬಟ್ಟೆ ಕೊಡಬೇಕು. ಗಂಜಿ ಕುಡಿದ ಬಟ್ಟೆಯ ತೂಕ ಏರುವುದೆಂಬ ಲೆಕ್ಕ ಅಧಿಕಾರಿಗೆ ಗೊತ್ತಿತ್ತು. ಕೊರತೆ ಬಿದ್ದರೆ ಅದರ ಇಮ್ಮಡಿ ದಂಡ. ಈ ಗ್ರಂಥದ ಕಾಲದ ವಿಚಾರದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ; ಅದನ್ನು ಇಸಿಲದ ಆಡಳಿತದ ಕೈಪಿಡಿಯೆಂದು ಓದುವುದು ತಪ್ಪು. ಆದರೆ ನೇಕಾರನನ್ನು ಮೂಲತಃ ಕಳ್ಳನೆಂದೇ ಭಾವಿಸಿ ತಕ್ಕಡಿ ಹಿಡಿದು ನಿಲ್ಲುವ ಮನೋಧರ್ಮ ಗಿರಣಿಗಳ ಜೊತೆಗೆ ಇಂಗ್ಲೆಂಡಿನಿಂದ ಬಂದದ್ದಲ್ಲ ಎಂಬುದಕ್ಕೆ ಅದು ಸಾಕಷ್ಟು ಪುರಾವೆ.

ಹಾಗಾದರೆ ಆಧುನಿಕ ಕಾಲ ತಂದ ಹೊಸತೇನು? ಮೊಳಕಾಲ್ಮುರಿನ ಮಗ್ಗದ ಬಳಿ ನಿಂತರೆ ಅದು ಕಣ್ಣಿಗೆ ಬೀಳುತ್ತದೆ. ಈ ಸೀರೆಯ ಹೆಗ್ಗಳಿಕೆ ಅದರ ಅಂಚಿನಲ್ಲಿದೆ. ಮೈಯ ಬಣ್ಣ ಒಂದು, ಅಂಚಿನ ಬಣ್ಣ ಬೇರೆ. ಎರಡೂ ಕೂಡುವ ಗೆರೆಯಲ್ಲಿ ಒಂದರ ಬಣ್ಣ ಇನ್ನೊಂದಕ್ಕೆ ಸೋರಬಾರದು. ಅದಕ್ಕಾಗಿ ಮೂರು ಲಾಳಿಗಳು ಬೇಕು: ಎರಡು ಅಂಚುಗಳಿಗೆ ಎರಡು, ಮೈಗೆ ಒಂದು. ಹೊಕ್ಕಿನ ಪ್ರತಿ ಎಳೆಯಲ್ಲೂ ಮೈಯ ನೂಲು ಅಂಚಿನ ನೂಲನ್ನು ತಬ್ಬಿ ಹಿಂತಿರುಗಬೇಕು. ಒಬ್ಬರಿಂದ ಆಗುವ ಕೆಲಸವಲ್ಲ ಇದು. ಮಗ್ಗದ ಪಕ್ಕದಲ್ಲಿ ಕುಳಿತು ಆಚೆಯ ಲಾಳಿಯನ್ನು ಹಾಯಿಸಿ ಕೊಡುವ ಇನ್ನೊಂದು ಜೊತೆ ಕೈ ಬೇಕು. ನೂಲು ಎಷ್ಟು ಬಿಗಿಯಾಗಿರಬೇಕು, ಹಣಿಗೆಯ ಪೆಟ್ಟು ಎಷ್ಟು ಹದವಾಗಿರಬೇಕು ಎಂಬುದನ್ನು ಯಾವ ಕಾಗದವೂ ಹೇಳಲಾರದು. ಗುಣಮಟ್ಟವೆಂಬುದು ಇಲ್ಲಿ ಎರಡು ದೇಹಗಳ ನಡುವಣ ಲಯ.

ಆದರೆ ವಿನ್ಯಾಸ ಕಾಗದಕ್ಕೆ ಹೋಯಿತು. ಫ್ರಾನ್ಸಿನ ಜಾಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಯಂತ್ರದಲ್ಲಿ ತೂತು ಹೊಡೆದ ರಟ್ಟುಗಳು ಯಾವ ಎಳೆ ಏಳಬೇಕು, ಯಾವುದು ಇಳಿಯಬೇಕು ಎಂದು ಆಜ್ಞಾಪಿಸುತ್ತವೆ. ಭಾರತದ ರೇಷ್ಮೆ ಮಗ್ಗಗಳ ತಲೆಯ ಮೇಲೆ ಈ ಯಂತ್ರ ಏರಿದ ಮೇಲೆ ಬುಟ್ಟಾ, ಬಳ್ಳಿ, ಹಕ್ಕಿ ಇವೆಲ್ಲ ನೇಕಾರನ ನೆನಪಿನಿಂದ ರಟ್ಟಿನ ಸಾಲಿಗೆ ಇಳಿದವು. ರಟ್ಟು ಕೊಯ್ಯುವವನು ಬೇರೆ, ರಟ್ಟಿನ ಒಡೆಯ ಬೇರೆ, ನೇಯುವವನು ಬೇರೆ. ಅದರಿಂದ ನಷ್ಟವೇ ಆಯಿತೆನ್ನುವಂತಿಲ್ಲ. ಹಲವು ದಿನಗಳ ಕೆಲಸ ಕೆಲವೇ ದಿನಗಳಿಗೆ ಇಳಿಯಿತು. ಆದರೆ ಚಪಡನ ಕಾಲದ ಸಂಬಂಧ ತಲೆಕೆಳಗಾಯಿತು. ಅಲ್ಲಿ ಬರಹಗಾರನೇ ಕುಶಲಕರ್ಮಿ. ಇಲ್ಲಿ ಬರಹವು ಕುಶಲಕರ್ಮಿಯನ್ನು ಆಳುತ್ತದೆ. ಅಮೆರಿಕದ ಫ್ರೆಡರಿಕ್ ಟೇಲರ್ 1911ರಲ್ಲಿ ಪ್ರಕಟಿಸಿದ ‘ವೈಜ್ಞಾನಿಕ ನಿರ್ವಹಣೆ’ಯ ಸಿದ್ಧಾಂತವು ಯೋಚಿಸುವ ಕೆಲಸವನ್ನು ಮೇಲಿನವರಿಗೂ ಮಾಡುವ ಕೆಲಸವನ್ನು ಕೆಳಗಿನವರಿಗೂ ಹಂಚಿತು, ಹ್ಯಾರಿ ಬ್ರೇವರ್‌ಮನ್ 1974ರಲ್ಲಿ ಇದನ್ನೇ ದುಡಿಮೆಯ ಅವನತಿಯೆಂದು ವಿಶ್ಲೇಷಿಸಿದನು. ಮೊಳಕಾಲ್ಮುರು ಕಾರ್ಖಾನೆಯ ಊರಲ್ಲ. ಆದರೂ ಮಾಲೀಕನಿಂದ ಹಾಸು, ರೇಷ್ಮೆ, ಜರಿ ಪಡೆದು, ಅವನ ರಟ್ಟಿನಂತೆ ನೇಯ್ದು, ಸೀರೆಗಿಷ್ಟೆಂದು ಕೂಲಿ ಎಣಿಸಿಕೊಳ್ಳುವ ಮನೆಯ ಮಗ್ಗವು ಗೋಡೆಯಿಲ್ಲದ ಕಾರ್ಖಾನೆಯೇ. ಅಂಚಿನಲ್ಲಿ ಎಳೆ ತಪ್ಪಿದರೆ ಕೂಲಿಯಲ್ಲಿ ಮುರಿದುಕೊಳ್ಳಬಹುದು. ಅಂಚು ಅಪೂರ್ವವಾಗಿ ಬಂದರೆ ಹೆಚ್ಚಿಗೆ ಕೊಡುವ ಪದ್ಧತಿ ಅಪರೂಪ. ಲಿಪಿಕರಾಪರಾಧ ಉಳಿದಿದೆ, ಲಿಪಿಕರನ ಸಹಿ ಹೋಗಿದೆ.

ಹೆಸರು ಹೋದ ಜಾಗಕ್ಕೆ ಮುದ್ರೆಗಳು ಬಂದವು. ಕೈಮಗ್ಗಕ್ಕೆ ಮೀಸಲಾದ ವಸ್ತುಗಳನ್ನು ವಿದ್ಯುತ್ ಮಗ್ಗ ನೇಯದಂತೆ ತಡೆಯುವ ಕಾಯಿದೆ 1985ರದು. ಸಿಲ್ಕ್ ಮಾರ್ಕ್ 2004ರಲ್ಲಿ, ಕೈಮಗ್ಗದ ಮುದ್ರೆ 2006ರಲ್ಲಿ ಬಂದವು. ಇವೆಲ್ಲವೂ ಒಳ್ಳೆಯ ಉದ್ದೇಶದವು. ನಕಲಿಯ ಹಾವಳಿಯಲ್ಲಿ ಅಗತ್ಯವೂ ಹೌದು. ಆದರೆ ಒಂದೊಂದು ಮುದ್ರೆಯೂ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿಂಗಡಿಸಿ ನೋಡುವವರಿಲ್ಲ. ಸಿಲ್ಕ್ ಮಾರ್ಕ್ ಹೇಳುವುದು ರೇಷ್ಮೆ ಅಪ್ಪಟವೆಂದು. ಮಗ್ಗ ಯಾವುದೆಂದು ಅದಕ್ಕೆ ಬೇಕಿಲ್ಲ. ಕೈಮಗ್ಗದ ಮುದ್ರೆ ಹೇಳುವುದು ಕೈಯಲ್ಲಿ ನೇಯ್ದದ್ದೆಂದು; ಆ ಕೈ ಪಳಗಿದ್ದೋ ಎಳಸೋ ಎಂಬುದು ಅದರ ವ್ಯಾಪ್ತಿಗೆ ಹೊರಗು. ಭೌಗೋಳಿಕ ಸೂಚಕವು ಊರಿನ ಹೆಸರನ್ನು ಕಾಯುತ್ತದೆ. 1999ರ ಆ ಕಾಯಿದೆಯಲ್ಲಿ ಉತ್ಪಾದಕರು ‘ಅಧಿಕೃತ ಬಳಕೆದಾರ’ರೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಲು ಅವಕಾಶವಿದೆ. ಈ ಪದವೇ ವಿಚಿತ್ರವಾದದ್ದು. ತಲೆಮಾರುಗಳಿಂದ ಮೊಳಕಾಲ್ಮುರು ಸೀರೆಯನ್ನು ಮೊಳಕಾಲ್ಮುರು ಸೀರೆಯನ್ನಾಗಿ ಮಾಡಿದವನು ಕಾನೂನಿನ ಕಣ್ಣಿನಲ್ಲಿ ಆ ಹೆಸರಿನ ‘ಬಳಕೆದಾರ’!

ಚಳ್ಳಕೆರೆಯ ಕಂಬಳಿಗೆ ಬಂದರೆ ಕಥೆ ಇನ್ನೂ ಕಠಿಣ. ಕುರುಬರ ಕರಿ ಕಂಬಳಿಯ ಗುಣಮಟ್ಟವನ್ನು ತೀರ್ಮಾನಿಸುತ್ತಿದ್ದವನು ಅದನ್ನು ಹೊದೆಯುವವನೇ: ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಕುರಿಯ ಹಿಂದೆ ನಡೆವವನು, ಕಣದಲ್ಲಿ ಹಾಸಿ ಮಲಗುವವನು, ದೇವರ ಗದ್ದುಗೆಗೆ ಹಾಸುವವನು. ಹುಣಸೆ ಬೀಜದ ಗಂಜಿ ಕುಡಿದು ಬಿಗಿಯಾದ ಕಂಬಳಿಯಲ್ಲಿ ನೀರು ಇಳಿಯುವುದಿಲ್ಲ. ಇಳಿದರೆ ಮುಂದಿನ ಸಂತೆಯಲ್ಲಿ ಮಾತು ತಪ್ಪದು. ನೇಯುವವನೂ ಕೊಳ್ಳುವವನೂ ಒಂದೇ ಸಂತೆಯಲ್ಲಿ ಎದುರುಬದುರಾಗುತ್ತಿದ್ದುದೇ ಅಲ್ಲಿನ ತಪಾಸಣೆ. ಪಾಣಿಪತ್ತಿನಿಂದ ಬರುವ ಅಗ್ಗದ ರಗ್ಗುಗಳ ಎದುರು ಆ ತಪಾಸಣೆಗೆ ಬೆಲೆ ಉಳಿಯಲಿಲ್ಲ. ಮಾಂಸಕ್ಕಾಗಿ ಉಣ್ಣೆಯಿಲ್ಲದ ಕುರಿಯ ತಳಿಗಳನ್ನು ಬೆರೆಸಿದ್ದರಿಂದ ದಕ್ಖನಿ ಕುರಿಯ ಉಣ್ಣೆ ಒರಟಾಯಿತು, ಕಡಿಮೆಯೂ ಆಯಿತು. ಅಂಥ ಉಣ್ಣೆಯಲ್ಲಿ ನೇಯ್ದ ಕಂಬಳಿ ಚುಚ್ಚುತ್ತದೆಂದು ಪೇಟೆಯವರು ದೂರುವುದು ಕಂಬಳಿಯಲ್ಲಿ ಕೂತು ಉಣ್ಣುತ್ತ ಕೂದಲು ಆರಿಸಿದಂತೆ.

ಕುರಿಗಳಿಗೆ ಮೇವಿನ ನೆಲೆಯಾಗಿದ್ದದ್ದು ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳು. ಈ ಶತಮಾನದಲ್ಲಿ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಸಂದಿತು. ವಿಜ್ಞಾನ ಸಂಸ್ಥೆಯೊಂದಕ್ಕೇ 1,500 ಎಕರೆ. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ನೆಲೆ 2017ರಲ್ಲಿ ಉದ್ಘಾಟನೆಗೊಂಡಿತು. ಅದರ ಓಡುದಾರಿಯ ಮೇಲೆ ಇಸ್ರೋದ ಮರುಬಳಕೆಯ ಉಡಾವಣಾ ವಾಹನ 2023ರ ಏಪ್ರಿಲ್‌ನಲ್ಲಿ, ಬಳಿಕ 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ, ಹೆಲಿಕಾಪ್ಟರಿನಿಂದ ಕಳಚಿಕೊಂಡು ಮನುಷ್ಯರ ನೆರವಿಲ್ಲದೆ ತಾನಾಗಿ ಬಂದಿಳಿಯಿತು. ದೋಷಕ್ಕೆ ಎಡೆಯೇ ಇರಬಾರದಂಥ ಕೆಲಸ ಅದು; ಯಾವ ಬಿಡಿಭಾಗವನ್ನು ಯಾರು ಪರೀಕ್ಷಿಸಿದರೆಂಬ ದಾಖಲೆಯಿಲ್ಲದೆ ಅಂಥ ವಾಹನ ಮೇಲೇಳುವುದಿಲ್ಲ. ತಪಾಸಣೆಯೆಂದರೆ ಅಲ್ಲಿ ಕುಶಲಕರ್ಮಿಯ ಮೇಲಿನ ಅನುಮಾನವಷ್ಟೇ ಅಲ್ಲ, ಅವನ ಕೈಬರಹದ ಗುರುತೂ ಹೌದು. ಬೇಲಿಯ ಒಳಗೆ ಪ್ರತಿ ಸಹಿಗೂ ಲೆಕ್ಕವಿದೆ. ಅದೇ ಬೇಲಿಯಿಂದ ಮೇವು ಕಳೆದುಕೊಂಡ ಕುರಿಯ ಉಣ್ಣೆಯನ್ನು ನೂತವಳ ಹೆಸರಿಗೆ ಲೆಕ್ಕವಿಲ್ಲ. ವಿಜ್ಞಾನನಗರಿ ಬೇಡವೆಂಬ ವಾದಕ್ಕೆ ಈ ಮಾತು ಪೂರಕವಾಗಬೇಕಿಲ್ಲ. ಕೆಲಸಗಾರನ ಹೆಸರನ್ನು ದಾಖಲಿಸುವುದು ಅಸಾಧ್ಯವೆಂಬ ನೆಪ ಮಾತ್ರ ಇನ್ನು ನಡೆಯದು.

ಸಾಹಿತ್ಯ ಮತ್ತು ಇತಿಹಾಸದ ಸಂಶೋಧಕರ ಪಾಲಿಗೂ ಇಲ್ಲೊಂದು ಬಾಕಿ ಇದೆ. ಈ ಎರಡು ತಾಲ್ಲೂಕುಗಳು ಜಾನಪದ ಕ್ಷೇತ್ರಕಾರ್ಯಕ್ಕೆ ಹೆಸರಾದವು. ಮ್ಯಾಸಬೇಡರ ಮತ್ತು ಕಾಡುಗೊಲ್ಲರ ವೀರರ ಕಾವ್ಯಗಳು ಇಲ್ಲಿಂದ ಸಂಗ್ರಹವಾಗಿವೆ, ಹಾಡಿದವರ ಹೆಸರಿನ ಸಮೇತ ಅಚ್ಚಾಗಿವೆ. ಹಾಡಿದವರಿಗೆ ಸಂದ ಆ ಮರ್ಯಾದೆ ನೇಯ್ದವರಿಗೆ ಸಂದಿಲ್ಲ. ಸೀರೆಯನ್ನು ‘ಮೊಳಕಾಲ್ಮುರು ಶೈಲಿ’ಯೆಂದು ವಿವರಿಸಿ, ಬಣ್ಣ ಮತ್ತು ಬುಟ್ಟಾಗಳ ಪಟ್ಟಿ ಕೊಟ್ಟು ಮುಗಿಸುವ ಪ್ರಬಂಧಗಳು ಅಂಗಡಿಯವನ ಚೀಟಿಗಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ಹಾಸು, ಹೊಕ್ಕು, ಲಾಳಿ, ಹಣಿಗೆಗಳು ನಿಘಂಟಿನಲ್ಲಿವೆ. ಬಿಗಿ ತಪ್ಪಿದ ಅಂಚಿಗೆ, ಒಂದೆರಡು ಎಳೆ ಜಾರಿದ ಗೆರೆಗೆ, ಪೆಟ್ಟು ಹೆಚ್ಚಾದ ಮೈಗೆ ಮಗ್ಗದ ಮನೆಯವರು ಬಳಸುವ ಮಾತುಗಳನ್ನು ಒಂದೊಂದಾಗಿ ಕಲೆಹಾಕಬೇಕಾಗಿದೆ. ಗುಣಮಟ್ಟವನ್ನು ಅಳೆಯುವ ಕನ್ನಡ ಆ ಮಾತುಗಳಲ್ಲಿದೆ. ಅವು ಮರೆತುಹೋದ ದಿನ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸುವ ಅಧಿಕಾರ ಪೂರ್ತಿಯಾಗಿ ಮುದ್ರೆ ಒತ್ತುವವರದಾಗುತ್ತದೆ.

ಸೀರೆಯ ಸೆರಗಿನ ಒಳಬದಿಯಲ್ಲಿ ನೇಯ್ದವರ ಹೆಸರನ್ನು ನೇಯುವುದಕ್ಕೆ ಕಾಯಿದೆಯ ತಿದ್ದುಪಡಿ ಬೇಕಿಲ್ಲ. ನಾಲ್ಕು ರಟ್ಟು ಹೆಚ್ಚು ಕೊಯ್ದರೆ ಸಾಕು. ಮಾಲೀಕರು ಅದನ್ನು ಒಪ್ಪಲು ಹಿಂಜರಿಯುವರು, ಅವರ ಕಾರಣವೂ ಅರ್ಥವಾಗುವಂಥದೇ: ಹೆಸರು ಗೊತ್ತಾದರೆ ಕೊಳ್ಳುವವನು ನೇರವಾಗಿ ಆ ಮನೆಯ ಬಾಗಿಲಿಗೇ ಬಂದಾನು. ಸಹಕಾರ ಸಂಘಗಳೂ ಸರ್ಕಾರಿ ಮಳಿಗೆಗಳೂ ಆ ಭಯವಿಲ್ಲದವು. ಆರಂಭ ಅಲ್ಲಿಂದ ಆಗಬಹುದು. ಆದರೆ ಒಂದೇ ಹೆಸರು ಸಾಲದು. 2019–20ರ ರಾಷ್ಟ್ರೀಯ ಕೈಮಗ್ಗ ಗಣತಿಯು ದೇಶದಲ್ಲಿ 35 ಲಕ್ಷಕ್ಕೂ ಮಿಕ್ಕ ಕೈಮಗ್ಗ ದುಡಿಮೆಗಾರರನ್ನು ಎಣಿಸಿತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಮೊಳಕಾಲ್ಮುರಿನಲ್ಲಿ ನೂಲು ಸುತ್ತುವ ಕೈ, ಮೂರನೆಯ ಲಾಳಿಯನ್ನು ಆಚೆಯಿಂದ ಹಾಯಿಸುವ ಕೈ ಬಹುಮಟ್ಟಿಗೆ ಮನೆಯ ಹೆಂಗಸಿನದು, ಹಿಂದಿನ ಕಾಲದಲ್ಲಿ ಮಗುವಿನದೂ ಆಗಿತ್ತು. ಸೀರೆಗಿಷ್ಟೆಂಬ ಕೂಲಿಯಲ್ಲಿ ಅದಕ್ಕೆ ಬೇರೆ ಪಾಲಿಲ್ಲ. ಬ್ರಹ್ಮಗಿರಿಯ ಬಂಡೆಯ ಮೇಲೂ ಬರೆದವನ ಹೆಸರಷ್ಟೇ ಇದೆ, ಉಳಿ ಹಿಡಿದು ಕಡೆದವನದ್ದಿಲ್ಲ. ಆ ಕೊರತೆಯನ್ನು ಮುಂದೆ ಕನ್ನಡದ ಶಾಸನಗಳು ತುಂಬಿಕೊಂಡವು: ಬರೆದವನಿಗೆ ಒಂದು ಸಾಲು, ಕಂಡರಿಸಿದವನಿಗೆ ಇನ್ನೊಂದು. ಸೆರಗಿನ ಅಂಚಿನಲ್ಲಿಯೂ ಎರಡು ಹೆಸರಿಗೆ ಜಾಗವಿದೆ.